ನೀವು ಕೇಳಿದ್ದು: ತಗ್ಗು ಸದ್ದು, ಕೀಚಲು ಸದ್ದು ಮತ್ತು ವಯಸ್ಸಾಗುವ ಕಿವಿ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸದ್ದಿನ ಬಗ್ಗೆಯೇ ಇವೆ. ಒಬ್ಬರಿಗೆ ಸದ್ದು ರೆಕಾರ್ಡ್ ಆಗುತ್ತಿಲ್ಲ, ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ, ಮತ್ತೊಬ್ಬರಿಗೆ ಕೇಳಿಸಬಾರದ್ದು ಕೇಳಿಸುತ್ತಿದೆ. ಉತ್ತರಗಳು ಒಂದಕ್ಕೊಂದು ಸೇರಿಕೊಂಡಿವೆ. ಸಾಧ್ಯವಾದರೆ ಮೇಲಿನಿಂದ ಕೆಳಗೆ ಓದಿ.

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ಡೊಳ್ಳು ಕುಣಿತವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಎದುರಿಗೆ ನಿಂತಾಗ ಎದೆಯೇ ನಡುಗುತ್ತಿತ್ತು. ಮನೆಗೆ ಬಂದು ಕೇಳಿದರೆ ತಗಡು ಬಡಿದ ಹಾಗೆ ಟಕಟಕ ಅಂತಿದೆ. ಫೋನ್ ಕಡಿಮೆ ಬೆಲೆಯದೇನಲ್ಲ. ಎಲ್ಲಿ ತಪ್ಪಾಯಿತು ಸರ್?
— ಪದವಿ ವಿದ್ಯಾರ್ಥಿ, ಹೊಸದುರ್ಗ

ಫೋನಿನ ಬೆಲೆಗೂ ಇದಕ್ಕೂ ಅಷ್ಟೇನೂ ಸಂಬಂಧ ಇಲ್ಲ ತಮ್ಮಾ. ಫೋನಿನ ಮೈಕು ಇರುವುದೇ ಮಾತಿಗೆ. ಗಾಳಿ ಬಡಿದ ಸದ್ದು, ಕೈಯಲ್ಲಿ ಹಿಡಿದಾಗಿನ ಗರಗರ, ಬಸ್ಸಿನ ಎಂಜಿನ್ನಿನ ಗುಡುಗುಡು, ಇವೆಲ್ಲ ತಗ್ಗು ಸದ್ದುಗಳು, ಅಂದರೆ ನಿಧಾನವಾಗಿ ಕಂಪಿಸುವ ಸದ್ದುಗಳು. ಮಾತಿಗೆ ಅಡ್ಡ ಬರುತ್ತವೆ ಅಂತ ಬಹಳಷ್ಟು ಫೋನುಗಳು ಇವನ್ನು ಫಿಲ್ಟರ್ ಹಾಕಿ ಮೊದಲೇ ತೆಗೆದುಬಿಡುತ್ತವೆ. ಡೊಳ್ಳಿನ ‘ಧುಂ’ ಇರುವುದೂ ಅದೇ ಜಾಗದಲ್ಲಿ. ಸೆಕೆಂಡಿಗೆ ಒಂದು ಕಂಪನ ಅಂದರೆ ಒಂದು ಹರ್ಟ್ಸ್ ಅಲ್ವಾ, ಡೊಳ್ಳಿನ ಬುಡದ ಸದ್ದು 100 ಹರ್ಟ್ಸ್ ಆಸುಪಾಸು ಇರುತ್ತದೆ, ದೊಡ್ಡ ಡೊಳ್ಳಾದರೆ ಇನ್ನೂ ಕೆಳಗೆ. ಫಿಲ್ಟರ್‌ಗೆ ಗಾಳಿ ಯಾವುದು, ಡೊಳ್ಳು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆಯುತ್ತದೆ. ಕೋಲು ಚರ್ಮಕ್ಕೆ ಬಡಿದ ‘ಟಕ್’ ಮಾತ್ರ ಉಳಿಯುತ್ತದೆ.

ಇದರ ಜೊತೆಗೆ ಫೋನು ಜೋರು ಸದ್ದು ಬಂದ ಕೂಡಲೇ ತಾನೇ ಮಟ್ಟ ಇಳಿಸುತ್ತದೆ, ಸದ್ದು ಕಡಿಮೆಯಾದರೆ ಏರಿಸುತ್ತದೆ. ಮಾತಿಗೆ ಇದು ಒಳ್ಳೆಯದು. ಡೊಳ್ಳಿಗೆ ಇದರಿಂದ ಏಟಿನ ಜೋರೇ ಹೋಗಿಬಿಡುತ್ತದೆ.

ಆದರೆ ಫೈಲ್ ಡಿಲೀಟ್ ಮಾಡುವ ಮುಂಚೆ ಒಂದು ಕೆಲಸ ಮಾಡು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳು. ಎಷ್ಟೋ ಸಲ ತಗ್ಗು ಸದ್ದು ಫೈಲಿನಲ್ಲಿ ಸ್ವಲ್ಪವಾದರೂ ಇರುತ್ತದೆ, ಅದನ್ನು ಹೊರಗೆ ಕೇಳಿಸುವ ತಾಕತ್ತು ಫೋನಿನ ಸ್ಪೀಕರ್‌ಗೆ ಇರುವುದಿಲ್ಲ. ತಗ್ಗು ಸದ್ದು ಹೊರಡಿಸಬೇಕಾದರೆ ತುಂಬಾ ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. 40 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಎಂಟೂವರೆ ಮೀಟರ್. ಬೆರಳಿನ ಉಗುರಿನಷ್ಟಿರುವ ಸ್ಪೀಕರ್ ಎಷ್ಟು ಗಾಳಿ ತಳ್ಳೀತು?

ಇಲ್ಲಿ ನಿನಗೊಂದು ಅನುಮಾನ ಬರಬೇಕು. ಗಂಡಸರ ದನಿಯ ಬುಡ ಕೂಡ 100-120 ಹರ್ಟ್ಸ್‌ನಲ್ಲೇ ಇದೆ, ಹಳೆಯ ಟೆಲಿಫೋನ್ ಲೈನು 300ರಿಂದ 3400 ಹರ್ಟ್ಸ್ ಮಾತ್ರ ದಾಟಿಸುತ್ತಿತ್ತು, ಹಾಗಿದ್ದರೂ ಅಪ್ಪನ ದಪ್ಪ ದನಿ ಫೋನಿನಲ್ಲಿ ದಪ್ಪಗೇ ಕೇಳಿಸುತ್ತಿತ್ತಲ್ಲ, ಹೇಗೆ? ಅದು ಮಿದುಳಿನ ಕೆಲಸ. ದನಿಯ ಬುಡ 110 ಆದರೆ ಅದರ ಜೊತೆ 220, 330, 440 ಹೀಗೆ ಸರಿಯಾದ ಪಟ್ಟಿನಲ್ಲಿ ಮೇಲಿನ ಕಂಪನಗಳೂ ಇರುತ್ತವೆ. ಕೆಳಗಿನದು ಕಳೆದುಹೋದರೂ ಮೇಲಿನವುಗಳ ಅಂತರ ನೋಡಿ ಮಿದುಳು ಬುಡವನ್ನು ತಾನೇ ತುಂಬಿಕೊಳ್ಳುತ್ತದೆ. ಡೊಳ್ಳಿನಲ್ಲಿ ಇದು ನಡೆಯುವುದಿಲ್ಲ. ಬಿಗಿದ ಚರ್ಮದ ಮೇಲಿನ ಕಂಪನಗಳು ಎರಡು ಪಟ್ಟು, ಮೂರು ಪಟ್ಟು ಅಂತ ಸರಿಯಾಗಿ ಕೂರುವುದಿಲ್ಲ, 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಮಿದುಳಿಗೆ ಲೆಕ್ಕ ಸಿಗುವುದಿಲ್ಲ. ಮೃದಂಗ, ತಬಲಾದ ಕಥೆ ಬೇರೆ. ಚರ್ಮದ ನಡುವೆ ಹಾಕುವ ಆ ಕಪ್ಪು ಲೇಪ ಮೇಲಿನ ಕಂಪನಗಳನ್ನು ಎಳೆದು ತಂದು ಸರಿಯಾದ ಪಟ್ಟಿಗೆ ಕೂರಿಸುತ್ತದೆ. ಸರ್ ಸಿ.ವಿ. ರಾಮನ್ 1920ರಲ್ಲೇ ಇದನ್ನು ಬರೆದಿದ್ದರು. ಮೃದಂಗ ಫೋನಿನಲ್ಲೂ ಅಷ್ಟೊಂದು ಕೆಡದಿರುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಜಾತ್ರೆಗೆ ಒಂದು ಸಣ್ಣ ರೆಕಾರ್ಡರ್ ಹೊಂದಿಸಿಕೊಳ್ಳಲು ನೋಡು. ಅದರಲ್ಲಿ ತಗ್ಗು ಸದ್ದನ್ನು ತೆಗೆಯುವ ‘ಲೋ ಕಟ್’ ಅಂತ ಒಂದು ಸ್ವಿಚ್ ಇರುತ್ತದೆ, ಅದು ಆಫ್ ಇರಲಿ. ಮಟ್ಟವನ್ನು ಆಟೋಗೆ ಬಿಡದೆ ಕೈಯಲ್ಲೇ ಇಟ್ಟುಕೋ, ಅತಿ ಜೋರಿನ ಏಟಿಗೂ ಕೆಂಪು ದೀಪ ಹತ್ತದಷ್ಟು ಕೆಳಗೆ. ಫೈಲ್ ವೇವ್ (WAV) ಮಾದರಿಯಲ್ಲಿರಲಿ, ಅದು ಸದ್ದನ್ನು ಕತ್ತರಿಸದೆ ಇಡುತ್ತದೆ. ಬೇರೆ ಮೈಕ್ ಕೊಳ್ಳುವುದಾದರೆ ಎಲ್ಲ ಕಡೆಯಿಂದಲೂ ಸದ್ದು ತೆಗೆದುಕೊಳ್ಳುವ ಓಮ್ನಿ ಮೈಕ್ ತಗೋ. ಒಂದೇ ದಿಕ್ಕಿಗೆ ತಿರುಗಿಸುವ ಮೈಕುಗಳು ದೂರದ ತಗ್ಗು ಸದ್ದನ್ನು ಬಿಟ್ಟುಬಿಡುತ್ತವೆ, ತೀರಾ ಹತ್ತಿರ ಹಿಡಿದರೆ ಅದನ್ನೇ ಉಬ್ಬಿಸುತ್ತವೆ. ಓಮ್ನಿ ಮೈಕಿನೊಳಗೆ ಒಂದು ತೆಳು ಪೊರೆ, ಅದರ ಹಿಂದೆ ಮುಚ್ಚಿದ ಗೂಡು, ಆ ಗೂಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಆ ತೂತು ಬೇಕೇ ಬೇಕು. ಇಲ್ಲದಿದ್ದರೆ ಜೋಗಿಮಟ್ಟಿ ಬೆಟ್ಟ ಹತ್ತುವಷ್ಟರಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಪೊರೆ ಉಬ್ಬಿಕೊಂಡುಬಿಡುತ್ತದೆ. ಆದರೆ ಅದೇ ತೂತಿನಿಂದ ತೀರಾ ನಿಧಾನದ ಅಲೆಗಳೂ ಒಳಗೆ ಸೋರುತ್ತವೆ. ಪೊರೆಯ ಎರಡೂ ಕಡೆ ಒತ್ತಡ ಒಂದೇ ಆದರೆ ಅದು ಅಲುಗುವುದು ಹೇಗೆ? ಒಂದು ಮೈಕು ಎಷ್ಟು ತಗ್ಗಿನ ತನಕ ಹೋಗುತ್ತದೆ ಅನ್ನುವುದನ್ನು ಬಹುಪಾಲು ಈ ತೂತೇ ತೀರ್ಮಾನಿಸುತ್ತದೆ.

ಮೈಕಿಗೆ ತುಪ್ಪಳದ ಟೊಪ್ಪಿ ಮರೆಯಬೇಡ. ನಿಮ್ಮೂರ ಗಾಳಿ ಗೊತ್ತಲ್ಲ.

ಪ್ರಶ್ನೆ: ರಾತ್ರಿ ಹನ್ನೊಂದರ ಮೇಲೆ ಮಲಗಿದಾಗ ಗುಂಯ್... ಗುಂಯ್... ಅಂತ ಒಂದು ಸದ್ದು. ಏರುತ್ತದೆ, ಇಳಿಯುತ್ತದೆ. ನಮ್ಮ ಯಜಮಾನರಿಗೂ ಮಗನಿಗೂ ಕೇಳಿಸಲ್ಲ. ಮಗ ರೂಮಿನ ಮಧ್ಯೆ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿ ‘ಏನೂ ಇಲ್ಲ ನೋಡಮ್ಮಾ, ಸುಮ್ನೆ ಮಲ್ಕೋ’ ಅಂತಾನೆ. ನನಗೆ 58 ವರ್ಷ. ನನ್ನ ಕಿವಿಯೇ ಕೆಟ್ಟಿದೆಯಾ?
— ಗೃಹಿಣಿ, ದಾವಣಗೆರೆ

ಅಮ್ಮಾ, ಮಗನ ಫೋನಿನಲ್ಲಿ ಬರಲಿಲ್ಲ ಅಂದ ಮಾತ್ರಕ್ಕೆ ಸದ್ದು ಇಲ್ಲ ಅಂತ ಅಲ್ಲ. ಮೇಲಿನ ಉತ್ತರ ಅವನಿಗೂ ಓದಿಸಿ.

ನಿಮಗೊಬ್ಬರಿಗೇ ಕೇಳಿಸುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ನಮ್ಮ ಕಿವಿ ಎಲ್ಲ ಸದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. 1000 ಹರ್ಟ್ಸ್‌ನ ಸದ್ದು ಎರಡು ಮೂರು ಡೆಸಿಬೆಲ್ ಇದ್ದರೂ ಎಳೆಯ ಕಿವಿಗೆ ಸಿಗುತ್ತದೆ. 50 ಹರ್ಟ್ಸ್ ಆದರೆ 44 ಡೆಸಿಬೆಲ್ ಬೇಕು. 20 ಹರ್ಟ್ಸ್‌ಗೆ 78. ಒತ್ತಡದ ಲೆಕ್ಕದಲ್ಲಿ ನೋಡಿದರೆ 1000 ಹರ್ಟ್ಸ್‌ಗೂ 20 ಹರ್ಟ್ಸ್‌ಗೂ ಐದು ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಕಿವಿಯ ಈ ಏರಿಳಿತದ ಗೆರೆಗಳನ್ನು ಎಳೆದು ತೋರಿಸಿದ್ದರು. ಇದರಲ್ಲಿ ನಿಮಗೆ ಬೇಕಾದ ವಿಷಯ ಇಷ್ಟು: ತಗ್ಗು ಸದ್ದು ಕೇಳಿಸದಿರುವುದಕ್ಕೂ ಚೆನ್ನಾಗಿ ಕೇಳಿಸುವುದಕ್ಕೂ ನಡುವಿನ ಅಂತರ ತುಂಬಾ ಕಮ್ಮಿ. ಹೊಸ್ತಿಲು ದಾಟಿದ ಕೂಡಲೇ ಅದು ಸರ‍್ರನೆ ಜೋರಾಗುತ್ತದೆ. ಒಬ್ಬೊಬ್ಬರ ಹೊಸ್ತಿಲು ಐದಾರು ಡೆಸಿಬೆಲ್ ಹಿಂದೆ ಮುಂದೆ ಇರುವುದು ಮಾಮೂಲು. ಹಾಗಾಗಿ ಒಂದೇ ಮನೆಯಲ್ಲಿ ಒಬ್ಬರಿಗೆ ನಿದ್ದೆ ಕೆಡಿಸುವ ಸದ್ದು ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಮತ್ತೆ ತಗ್ಗು ಸದ್ದಿನ ವಿಷಯದಲ್ಲಿ ವಯಸ್ಸು ಅಷ್ಟಾಗಿ ಅಡ್ಡ ಬರುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಕಾರಣ ನಿಮ್ಮ ಮಂಚ ಎಲ್ಲಿದೆ ಅನ್ನುವುದು. ತಲೆ ಗೋಡೆಯ ಕಡೆ ಇದೆಯಾ? 50 ಹರ್ಟ್ಸ್‌ನ ಅರ್ಧ ಅಲೆ ಸುಮಾರು 3.4 ಮೀಟರ್, ಅಂದರೆ 11 ಅಡಿಗೆ ಸ್ವಲ್ಪ ಜಾಸ್ತಿ. ನಮ್ಮ ಕಡೆಯ ಮಲಗುವ ರೂಮುಗಳ ಅಳತೆಯೂ ಹೆಚ್ಚು ಕಮ್ಮಿ ಇಷ್ಟೇ. ಅಂಥ ರೂಮಿನಲ್ಲಿ ಈ ಸದ್ದು ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಜೋರು, ನಟ್ಟನಡುವೆ ಹತ್ತಿರ ಹತ್ತಿರ ಸೊನ್ನೆ. ನಿಮ್ಮ ಮಗ ನಿಂತಿದ್ದು ಎಲ್ಲಿ? ರೂಮಿನ ಮಧ್ಯೆ.

ರಾತ್ರಿ ಕಿಟಕಿ ಮುಚ್ಚಿದ ಮೇಲೆ ಇದು ಇನ್ನೂ ಎದ್ದು ಕೇಳುತ್ತದೆ. ಗಾಜು, ಗೋಡೆಗಳು ಹೆಚ್ಚು ಹರ್ಟ್ಸ್‌ನ ಸದ್ದನ್ನು ಚೆನ್ನಾಗಿ ತಡೆಯುತ್ತವೆ, ತಗ್ಗು ಸದ್ದನ್ನು ಅಷ್ಟು ತಡೆಯುವುದಿಲ್ಲ. ಬೀದಿಯ ಗಲಾಟೆ ಹೊರಗೆ ಉಳಿಯುತ್ತದೆ, ಗುಂಯ್ ಮಾತ್ರ ಒಳಗೆ ಬರುತ್ತದೆ.

ಈಗ ಹಿಡಿಯುವುದು ಹೇಗೆ? ಮಗನ ಹತ್ತಿರ ಲ್ಯಾಪ್‌ಟಾಪ್ ಇದ್ದರೆ ‘ಆಡಾಸಿಟಿ’ ಅನ್ನುವ ಸಾಫ್ಟ್‌ವೇರ್ ಹಾಕಿಸಿ, ದುಡ್ಡು ಕೊಡಬೇಕಿಲ್ಲ. ಒಂದು ಯುಎಸ್‌ಬಿ ಮೈಕನ್ನು ರೂಮಿನ ಮೂಲೆಯಲ್ಲಿ, ನೆಲದ ಹತ್ತಿರ ಇಡಿ. ತಗ್ಗು ಸದ್ದು ಮೂಲೆಯಲ್ಲೇ ಗಟ್ಟಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ಕಿತ್ತುಬಿಡಿ. ಇದು ಮುಖ್ಯ, ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಸ್. ಚಾರ್ಜರ್ ಸಿಕ್ಕಿಸಿದ್ದರೆ ಆ 50 ಹರ್ಟ್ಸ್ ವೈರಿನ ಮೂಲಕವೇ ರೆಕಾರ್ಡಿಂಗಿಗೆ ನುಗ್ಗುತ್ತದೆ, ಗಾಳಿಯಲ್ಲಿ ಇಲ್ಲದ ಸದ್ದು ಫೈಲಿನಲ್ಲಿ ಕಾಣಿಸುತ್ತದೆ. ಸದ್ದು ಬರುತ್ತಿರುವಾಗ ಹತ್ತು ನಿಮಿಷ, ಅದು ನಿಂತ ಮೇಲೆ ಹತ್ತು ನಿಮಿಷ ರೆಕಾರ್ಡ್ ಮಾಡಿ. ಎರಡೂ ಬೇಕು.

ಆಮೇಲೆ ಅದನ್ನು ಕೇಳಲು ಹೋಗಬೇಡಿ, ನೋಡಿ. ಆಡಾಸಿಟಿಯಲ್ಲಿ ಟ್ರ್ಯಾಕನ್ನು ‘ಸ್ಪೆಕ್ಟ್ರೋಗ್ರಾಮ್’ಗೆ ಬದಲಿಸಿ, ಮೇಲಿನ ಮಿತಿ 200 ಹರ್ಟ್ಸ್ ಇಟ್ಟು, ವಿಂಡೋ ಸೈಜ್ 32768 ಮಾಡಿ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಹರ್ಟ್ಸ್. ಒಂದೇ ಸಮನೆ ಬರುವ ಗುಂಯ್ ಇದ್ದರೆ ಅಡ್ಡಡ್ಡ ಒಂದು ಹೊಳೆಯುವ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಎಲ್ಲಿದೆ ಅನ್ನುವುದೇ ಸುಳಿವು. ಸರಿಯಾಗಿ 100ರಲ್ಲಿದ್ದರೆ ಟ್ರಾನ್ಸ್‌ಫಾರ್ಮರ್ ಇರಬಹುದು, ಅದರೊಳಗಿನ ಕಬ್ಬಿಣದ ತಗಡುಗಳು ಕರೆಂಟಿನ ಎರಡು ಪಟ್ಟು ವೇಗದಲ್ಲಿ ಅದುರುತ್ತವೆ. 24ರ ಹತ್ತಿರ ಇದ್ದರೆ ಯಾವುದೋ ಮೋಟಾರು, ಏಕೆಂದರೆ ಪಂಪು, ಗಿರಣಿ, ಬ್ಲೋವರುಗಳಲ್ಲಿ ಬಳಸುವ ಬಹಳ ಮೋಟಾರುಗಳ ಪ್ಲೇಟಿನ ಮೇಲೆ 1440 ಆರ್‌ಪಿಎಂ (ನಿಮಿಷಕ್ಕೆ 1440 ಸುತ್ತು) ಅಂತ ಬರೆದಿರುತ್ತದೆ, ಅದನ್ನು 60ರಿಂದ ಭಾಗಿಸಿದರೆ 24. ಇನ್ನು ನಿಮ್ಮ ‘ಏರುತ್ತದೆ, ಇಳಿಯುತ್ತದೆ’ ಅನ್ನುವ ಮಾತು. ಅಕ್ಕಪಕ್ಕ ಎರಡು ಮೋಟಾರು ಒಂದು ಚೂರು ಬೇರೆ ವೇಗದಲ್ಲಿ ತಿರುಗುತ್ತಿದ್ದರೆ ಅವುಗಳ ಸದ್ದು ಒಮ್ಮೆ ಕೂಡುತ್ತದೆ, ಒಮ್ಮೆ ಕಳೆಯುತ್ತದೆ. ಮೂರು ಸೆಕೆಂಡಿಗೊಮ್ಮೆ ಏರಿಳಿದರೆ ಅವುಗಳ ನಡುವೆ ಹರ್ಟ್ಸ್‌ನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಇದೆ ಅಂತ ಅರ್ಥ. ನೀವು ಕಿವಿಯಿಂದಲೇ ಅರ್ಧ ಪತ್ತೆ ಮಾಡಿದ್ದೀರಿ.

ಅಕ್ಕಪಕ್ಕದ ಮಂಡಕ್ಕಿ ಭಟ್ಟಿಯವರ ಮೇಲೋ ಮಿಲ್ಲಿನವರ ಮೇಲೋ ಹೇಳುವ ಮುಂಚೆ ಮೊದಲು ನಿಮ್ಮ ಮನೆಯ ಮೇನ್ ಸ್ವಿಚ್ ಎರಡು ನಿಮಿಷ ಆಫ್ ಮಾಡಿ ನೋಡಿ. ಎಷ್ಟೋ ಸಲ ಅದು ನಮ್ಮದೇ ಫ್ರಿಜ್ಜು. ಇನ್ನೊಂದು: ನಾಲ್ಕು ದಿನ ತಂಗಿಯ ಮನೆಗೋ ತವರಿಗೋ ಹೋಗಿ ಮಲಗಿ. ಅಲ್ಲೂ ಅದೇ ಗುಂಯ್ ಇದ್ದರೆ ಅದು ಹೊರಗಿನದಲ್ಲ, ಕಿವಿಯೊಳಗಿನದು. ಆಗ ಕಿವಿ ಡಾಕ್ಟರಿಗೆ ತೋರಿಸಬೇಕು. ಅದಕ್ಕೂ ಹೆದರಬೇಕಿಲ್ಲ, ಬಹಳ ಜನರಿಗೆ ಇರುತ್ತದೆ. ಬರೀ ಕಿವಿಗೆ ಹತ್ತಿ ಇಟ್ಟು ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲ, ಹತ್ತಿ ತಗ್ಗು ಸದ್ದನ್ನು ತಡೆಯುವುದೇ ಕಮ್ಮಿ.

ಪ್ರಶ್ನೆ: ನಮ್ಮ ಊರಿನ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ. ಅವುಗಳಿಂದ ಕಿವಿಗೆ ಕೇಳಿಸದ ಸದ್ದು ಬಂದು ಆರೋಗ್ಯ ಕೆಡಿಸುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವಾ?
— ರೈತರು, ಚಿತ್ರದುರ್ಗ ತಾಲ್ಲೂಕು

ಕೇಳಿಸದ ಸದ್ದು ಬರುವುದು ನಿಜ. ಮೂರು ರೆಕ್ಕೆಯ ಯಂತ್ರ ನಿಮಿಷಕ್ಕೆ 15 ಸುತ್ತು ಹಾಕಿದರೆ ಕಂಬದ ಮುಂದೆ ನಿಮಿಷಕ್ಕೆ 45 ಸಲ ರೆಕ್ಕೆ ಹಾಯುತ್ತದೆ, ಅಂದರೆ 0.75 ಹರ್ಟ್ಸ್. ಆದರೆ ಅಷ್ಟು ತಗ್ಗಿನ ಕಂಪನ ಮನುಷ್ಯರಿಗೆ ಗೊತ್ತಾಗಬೇಕಾದರೆ 100 ಡೆಸಿಬೆಲ್‌ಗಿಂತ ಎಷ್ಟೋ ಜಾಸ್ತಿ ಇರಬೇಕು. ಮನೆಗಳ ಹತ್ತಿರ ಬರುವುದು ಅದಕ್ಕಿಂತ ತುಂಬಾ ಕಮ್ಮಿ. ಫಿನ್ಲೆಂಡಿನಲ್ಲಿ ಗಾಳಿಯಂತ್ರದಿಂದಲೇ ತಮಗೆ ತೊಂದರೆ ಆಗುತ್ತಿದೆ ಅಂದವರನ್ನೂ ಸೇರಿಸಿಕೊಂಡು ಪರೀಕ್ಷೆ ಮಾಡಿದ ಅಧ್ಯಯನ 2020ರಲ್ಲಿ ಹೊರಬಂತು. ಆ ತಗ್ಗು ಕಂಪನ ಇದೆಯೋ ಇಲ್ಲವೋ ಅಂತ ಯಾರಿಗೂ ಗುರುತಿಸಲು ಆಗಲಿಲ್ಲ.

ಆದರೆ ಕೇಳಿಸುವ ಸದ್ದೂ ಇದೆಯಲ್ಲ, ರೆಕ್ಕೆ ಇಳಿಯುವಾಗಿನ ಆ ‘ಹುಶ್... ಹುಶ್...’. ಅದು ತಗ್ಗು ಸದ್ದಲ್ಲ, ಮಾಮೂಲಿ ಕಿವಿಗೆ ಚೆನ್ನಾಗಿ ಸಿಗುವ ಸದ್ದೇ, ಸುಮಾರು 1.3 ಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಅದರಿಂದ ನಿದ್ದೆ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕಬಾರದು. ದೂರು ಕೊಡುವುದಾದರೆ ಅದರ ಬಗ್ಗೆ ಕೊಡಿ.

ಪ್ರಶ್ನೆ: ನನ್ನ ಮಗಳಿಗೆ 13. ಮೊಬೈಲ್ ಚಾರ್ಜರ್‌ನಿಂದ ‘ಕುಯ್ಞ್’ ಅಂತ ಸದ್ದು ಬರುತ್ತಿದೆ, ತೆಗೀರಿ ಅಂತ ಕಿವಿ ಮುಚ್ಚಿಕೊಳ್ಳುತ್ತಾಳೆ. ನನಗೆ 46, ಏನೂ ಕೇಳಿಸಲ್ಲ. ಮೊದಲು ನಾಟಕ ಅಂದುಕೊಂಡಿದ್ದೆ.
— ಹಾರ್ಡ್‌ವೇರ್ ಅಂಗಡಿಯವರು, ಹರಿಹರ

ನಾಟಕ ಅಲ್ಲ ಸರ್, ಅವಳಿಗೆ ನಿಜವಾಗಿ ಕೇಳಿಸುತ್ತಿದೆ. ಕೆಲವು ಚಾರ್ಜರುಗಳೊಳಗಿನ ಬಿಡಿಭಾಗಗಳು ತುಂಬಾ ವೇಗವಾಗಿ ಅದುರುತ್ತವೆ, ಆ ಸದ್ದು ಮಕ್ಕಳ ಕಿವಿಗೆ ಸಿಗುತ್ತದೆ. ನೀವೂ ಅವಳ ವಯಸ್ಸಿನಲ್ಲಿ ಹೀಗೇ ಇದ್ದಿರಿ. ಹಳೆಯ ಡಬ್ಬಾ ಟಿವಿ ನೆನಪಿದೆಯಾ? ದೂರದರ್ಶನದ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಟಿವಿಯೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ ಅಷ್ಟು ಸಲ ಅದುರಿ ಸಣ್ಣಗೆ ಕೀಚುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದ್ದರೂ ಪಕ್ಕದ ಮನೆಯಲ್ಲಿ ಟಿವಿ ಹಾಕಿದ್ದಾರೆ ಅಂತ ಹುಡುಗರಿಗೆ ಹೊಸ್ತಿಲಲ್ಲೇ ಗೊತ್ತಾಗುತ್ತಿತ್ತು, ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ.

ಮನುಷ್ಯರ ಕಿವಿ 20ರಿಂದ 20,000 ಹರ್ಟ್ಸ್ ಅಂತ ಪಾಠದ ಪುಸ್ತಕದಲ್ಲಿ ಇರುತ್ತದಲ್ಲ, ಆ ಮೇಲಿನ ಅಂಕಿ ಮಕ್ಕಳದ್ದು. ಇಪ್ಪತ್ತು ದಾಟಿದ ಮೇಲೆ ಅದು ನಿಧಾನಕ್ಕೆ ಇಳಿಯುತ್ತದೆ, ಐವತ್ತರ ಹೊತ್ತಿಗೆ ಬಹಳ ಜನರಿಗೆ 12,000 ಆಸುಪಾಸಿಗೆ ಬಂದಿರುತ್ತದೆ. ವೇಲ್ಸ್‌ನಲ್ಲಿ ಹೋವರ್ಡ್ ಸ್ಟೇಪಲ್ಟನ್ ಅನ್ನುವವರು 2005ರಲ್ಲಿ ಇದನ್ನೇ ಬಳಸಿ ಅಂಗಡಿ ಮುಂದೆ ಗುಂಪು ಕಟ್ಟುವ ಹುಡುಗರನ್ನು ಓಡಿಸುವ ಯಂತ್ರ ಮಾಡಿದರು, 17,400 ಹರ್ಟ್ಸ್‌ನ ಸದ್ದು. ಅಂಗಡಿಯವರಿಗೆ ಕೇಳಿಸದು, ಹುಡುಗರಿಗೆ ಕಿರಿಕಿರಿ. ಚಿಕ್ಕ ಕೂಸುಗಳಿಗೂ ಕಿರಿಕಿರಿಯಾಗುತ್ತದೆ, ಅವು ಏನು ತಪ್ಪು ಮಾಡಿದವು? ನನಗಂತೂ ಅದು ಸರಿ ಅನ್ನಿಸಿಲ್ಲ.

ಮೇಲಿನದೇ ಯಾಕೆ ಮೊದಲು ಹೋಗುತ್ತದೆ? ಒಳಗಿವಿಯಲ್ಲಿ ಕಾಕ್ಲಿಯಾ ಅಂತ ಒಂದು ಸುರುಳಿ ಸುತ್ತಿದ ನಾಳ ಇದೆ. ಎರಡೂವರೆ ಸುತ್ತು, ಬಿಡಿಸಿದರೆ 35 ಮಿಲಿಮೀಟರ್ ಉದ್ದ. ಅದರೊಳಗೆ ಸಾಲಾಗಿ ಸಣ್ಣ ರೋಮಕೋಶಗಳು, ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಬಾಗಿಲ ಹತ್ತಿರದ ಕೋಶಗಳು ಕೀಚಲು ಸದ್ದಿಗೆ, ಸುರುಳಿಯ ತುದಿಯವು ತಗ್ಗು ಸದ್ದಿಗೆ. ಸದ್ದಿನ ಅಲೆ ಆ ನಾಳದೊಳಗೆ ಹೇಗೆ ಸಾಗುತ್ತದೆ ಅಂತ ಕಂಡುಹಿಡಿದ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ವಯಸ್ಸು, ಜೋರು ಸದ್ದು, ಜೆಂಟಾಮೈಸಿನ್‌ನಂಥ ಕೆಲವು ಔಷಧಿ, ಇವೆಲ್ಲ ಮೊದಲು ಕೆಡಿಸುವುದು ಬಾಗಿಲ ಹತ್ತಿರದ ಹೊರಸಾಲಿನ ಕೋಶಗಳನ್ನು. ಹೋದ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ತುದಿಯಲ್ಲಿರುವ ತಗ್ಗು ಸದ್ದಿನ ಕೋಶಗಳು ಬಹುಕಾಲ ಬಾಳುತ್ತವೆ. ದಾವಣಗೆರೆಯ ಅಮ್ಮನವರಿಗೆ 58ರಲ್ಲೂ ಗುಂಯ್ ಕೇಳಿಸುತ್ತಿರುವುದು ಇದರಿಂದಲೇ.

ಯೂಟ್ಯೂಬಿನಲ್ಲಿ ‘ನಿಮ್ಮ ಕಿವಿಗೆ ಎಷ್ಟು ವಯಸ್ಸು’ ಅಂತ ಬರುವ ವಿಡಿಯೋ ಹಾಕಿ ಮನೆಯವರಿಗೆಲ್ಲ ಪರೀಕ್ಷೆ ಮಾಡಬೇಡಿ. ಫೈಲ್ ಚಿಕ್ಕದು ಮಾಡುವಾಗ 16,000ದ ಮೇಲಿನದು ಎಷ್ಟೋ ಸಲ ಕತ್ತರಿಸಿ ಹೋಗಿರುತ್ತದೆ. ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದರೆ ಪಕ್ಕದಲ್ಲಿರುವ ಮಗಳ ಕಿವಿಗೆ ಏಟು.

ಚಾರ್ಜರ್ ಬಿಸಿಯಾಗುತ್ತಿದ್ದರೆ ಬದಲಿಸಿಬಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 71 ವರ್ಷ. ಕಿವಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಸೊಸೆ, ಮೊಮ್ಮಗಳು ಮಾತಾಡಿದರೆ ತೊದಲಿದ ಹಾಗಿರುತ್ತದೆ. ಸ್ನೇಹಿತರ ಮಾತು ತಿಳಿಯುತ್ತದೆ. ‘ಜೋರಾಗಿ ಹೇಳು’ ಅಂದರೆ ಕಿರುಚುತ್ತಾರೆ, ಕಿವಿ ನೋಯುತ್ತದೆ. ಇದೆಂಥ ಕಿವುಡು?
— ಹೊಳಲ್ಕೆರೆ

ಮೇಷ್ಟ್ರೇ, ವಯಸ್ಸಿನ ಕಿವುಡನ್ನು ಡಾಕ್ಟರೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

70ರ ವಯಸ್ಸಿನವರನ್ನು 18ರ ಹರೆಯದವರಿಗೆ ಹೋಲಿಸಿದರೆ, 250 ಹರ್ಟ್ಸ್‌ನಲ್ಲಿ ಆಗಿರುವ ನಷ್ಟ ಸಾಮಾನ್ಯವಾಗಿ 8-10 ಡೆಸಿಬೆಲ್ ಅಷ್ಟೇ, ಗಮನಕ್ಕೂ ಬರುವುದಿಲ್ಲ. 8000 ಹರ್ಟ್ಸ್‌ನಲ್ಲಿ ಹೆಂಗಸರಿಗೆ ಸುಮಾರು 40, ಗಂಡಸರಿಗೆ 60ರ ತನಕ ಹೋಗಿರುತ್ತದೆ. ಈಗ ಮಾತನ್ನು ನೋಡಿ. ಅ, ಆ, ಉ, ಓ ಇವುಗಳ ಬಲವೆಲ್ಲ ಕೆಳಗೆ. ಸ, ಶ, ಚ, ತ, ಕ, ಪ ಇವುಗಳ ಗುರುತು ಇರುವುದು ಬಹುಪಾಲು 2000 ಹರ್ಟ್ಸ್‌ನ ಮೇಲೆ, ಅದೂ ಸಣ್ಣ ಸದ್ದಿನಲ್ಲಿ. ಕಾಸು, ತಾಸು, ಪಾಸು. ಮೊದಲ ವ್ಯಂಜನ ಬಿಟ್ಟರೆ ಮೂರೂ ಒಂದೇ. ನಿಮಗೆ ‘ಆ’ ಮತ್ತು ‘ಉ’ ಚೆನ್ನಾಗಿ ಬರುತ್ತದೆ, ಹಾಗಾಗಿ ‘ಕೇಳಿಸುತ್ತದೆ’. ಕ-ತ-ಪ ಬರುವುದಿಲ್ಲ, ಹಾಗಾಗಿ ‘ತಿಳಿಯುವುದಿಲ್ಲ’. ಹೆಂಗಸರ, ಮಕ್ಕಳ ದನಿ ಮೊದಲೇ ಮೇಲಿರುವುದರಿಂದ ಅಲ್ಲಿ ಕಷ್ಟ ಜಾಸ್ತಿ.

ಕಿರುಚಿದರೆ ನೋಯುವುದಕ್ಕೂ ಕಾರಣ ಇದೆ. ಹೊರಸಾಲಿನ ಕೋಶಗಳು ಸಣ್ಣ ಸದ್ದನ್ನು ಹಿಗ್ಗಿಸಿ ಕೊಡುತ್ತಿದ್ದವು. ಅವು ಹೋದ ಮೇಲೆ ಸಣ್ಣದು ಕೇಳಿಸುವುದಿಲ್ಲ, ದೊಡ್ಡದು ಮೊದಲಿನಷ್ಟೇ ದೊಡ್ಡದಾಗಿ ಬಂದು ಬಡಿಯುತ್ತದೆ. ‘ಏನಂದೆ?’ ಅಂದವರೇ ಮರುಗಳಿಗೆ ‘ಯಾಕೆ ಹಂಗೆ ಕಿರುಚ್ತೀಯ?’ ಅನ್ನುವುದು ಮೊಂಡುತನ ಅಲ್ಲ. ಇದನ್ನು ಮನೆಯವರು ದಯವಿಟ್ಟು ತಿಳಿದುಕೊಳ್ಳಬೇಕು. ಕಿರುಚಿದಾಗ ಬಲ ಬರುವುದೂ ಆ, ಉ, ಓಗಳಿಗೇ, ವ್ಯಂಜನಕ್ಕೆ ಅಲ್ಲ. ಸೊಸೆಗೆ, ಮೊಮ್ಮಗಳಿಗೆ ಹೇಳಿ: ಎದುರಿಗೆ ಬಂದು, ಮುಖ ಕಾಣುವ ಹಾಗೆ ಕೂತು, ಮಾಮೂಲಿ ದನಿಯಲ್ಲಿ ನಿಧಾನಕ್ಕೆ ಮಾತಾಡಲಿ. ಟಿವಿ ಆರಿಸಿರಲಿ. ಅಡುಗೆ ಮನೆಯಿಂದ ಕೂಗುವುದು ಬೇಡ.

ಕಿವಿ ಪರೀಕ್ಷೆ ಮಾಡಿಸಿ. ಮೊದಲು ಗುಗ್ಗೆ ಕಟ್ಟಿದೆಯಾ ಅಂತ ಇಎನ್‌ಟಿ ಡಾಕ್ಟರು ನೋಡುತ್ತಾರೆ, ಆಮೇಲೆ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸದ್ದು ಕೇಳಿಸಿ ಆಡಿಯೋಗ್ರಾಮ್ ತೆಗೆಯುತ್ತಾರೆ. ನಿಮ್ಮ ಗೆರೆ ಎಡದಲ್ಲಿ ಸಮತಟ್ಟಾಗಿದ್ದು ಬಲಕ್ಕೆ ಹೋದ ಹಾಗೆ ಇಳಿಯುತ್ತದೆ ಅಂತ ನನ್ನ ಅಂದಾಜು. ಕಿವಿಯ ಮೆಷಿನ್ ಕೊಳ್ಳುವುದಾದರೆ ಆ ಗೆರೆಗೆ ಹೊಂದಿಸಿ, ಕಡಿಮೆ ಇರುವ ಕಡೆ ಮಾತ್ರ ಹಿಗ್ಗಿಸುವಂಥದ್ದು ಬೇಕು. ಎಲ್ಲವನ್ನೂ ಒಟ್ಟಿಗೆ ಜೋರು ಮಾಡುವ ಅಗ್ಗದ ಪೆಟ್ಟಿಗೆಗಳು ಬಂದಿವೆ, ನಿಮಗೆ ಅವು ಬೇಡವೇ ಬೇಡ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಲು ಆಗುವುದಾದರೆ ಅಲ್ಲಿ ಪರೀಕ್ಷೆ, ಮೆಷಿನ್ ಹೊಂದಿಸುವುದು, ಆಮೇಲಿನ ತರಬೇತಿ ಎಲ್ಲ ಒಂದೇ ಕಡೆ ಸಿಗುತ್ತದೆ. ಮೆಷಿನ್ ಹಾಕಿದ ಮೊದಮೊದಲು ತಟ್ಟೆ ಲೋಟದ ಸದ್ದೂ ಚುಚ್ಚುತ್ತದೆ, ಕೆಲವು ವಾರ ಬೇಕು, ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ.

ಒಂದು ಎಚ್ಚರಿಕೆ ಎಲ್ಲರಿಗೂ: ಒಂದೇ ಕಿವಿ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಮಂದವಾದರೆ ಅದು ವಯಸ್ಸಿನದಲ್ಲ. ಆವತ್ತೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮೆರವಣಿಗೆಯ ಡಿಜೆಗೆ ಮನೆ ಕಿಟಕಿಯೇ ಅದುರುತ್ತಿತ್ತು. ಫೋನಿನ ಡೆಸಿಬೆಲ್ ಆಪ್‌ನಲ್ಲಿ ನೋಡಿದರೆ 70 ಅಂತ ತೋರಿಸಿತು. ಆಪ್ ಸುಳ್ಳಾ?
— ದಾವಣಗೆರೆ

ಆಪ್‌ಗಳೂ ಮೀಟರುಗಳೂ ಸಾಮಾನ್ಯವಾಗಿ ಅಳೆಯುವುದು ‘ಎ’ ಲೆಕ್ಕದಲ್ಲಿ. ತಗ್ಗು ಸದ್ದಿಗೆ ಕಿವಿ ಮಂದ ಅಲ್ವಾ, ಅದಕ್ಕೆ ಹೊಂದುವಂತೆ ಆ ಲೆಕ್ಕ 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ನಿಜವಾಗಿ 100 ಇದ್ದರೂ 70 ಅನ್ನುತ್ತದೆ. ಫೋನಿನ ಮೈಕು ತಿಂದುಹಾಕಿದ್ದು ಬೇರೆ. ‘ಎ’ ಲೆಕ್ಕ ಸಣ್ಣ ಸದ್ದಿಗೆ ಸರಿ, ಕಿಟಕಿ ಅದುರಿಸುವ ಸದ್ದಿಗೆ ಸರಿಯಾಗುವುದಿಲ್ಲ. ತಗ್ಗು ಸದ್ದನ್ನು ಅಷ್ಟಾಗಿ ಕಳೆಯದ ‘ಸಿ’ ಲೆಕ್ಕ ಇರುವ ಮೀಟರಿನಲ್ಲಿ ನೋಡಿದರೆ ನಿಜ ಗೊತ್ತಾಗುತ್ತದೆ. ಹಾಗಂತ ನಿಮ್ಮ 70 ಕೂಡ ಕಮ್ಮಿಯದೇನಲ್ಲ: 2000ದ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿ ಜಾಗಕ್ಕೆ ಹಗಲು 55, ರಾತ್ರಿ 45 ಅಂತ ಇದೆ, ಅದೂ ‘ಎ’ ಲೆಕ್ಕದಲ್ಲೇ. ಎಳೆಗೂಸು, ಬಾಣಂತಿ, ಹೃದಯದ ತೊಂದರೆ ಇರುವವರು ಇರುವ ಬೀದಿಯಲ್ಲಿ ಡಿಜೆ ಪೆಟ್ಟಿಗೆ ನಿಲ್ಲಿಸಬೇಡಿ ಅಂತ ಸಮಿತಿಯವರನ್ನು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: 20 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ರೆಕಾರ್ಡ್ ಮಾಡುವ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ನಮ್ಮಂಥವರಿಗೆ ಆಗುತ್ತದಾ?
— ಪಿಯುಸಿ ವಿದ್ಯಾರ್ಥಿನಿ, ಚಳ್ಳಕೆರೆ

ಆಗುತ್ತದಮ್ಮಾ, ಖಂಡಿತ ಮಾಡು. ಇದನ್ನು ಮೊದಲು ಹಿಡಿದದ್ದು ಮೈಕೇ ಅಲ್ಲ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಆ ಒತ್ತಡದ ಅಲೆ ಭೂಮಿಯನ್ನು ಹಲವು ಸಲ ಸುತ್ತಿತು. ಅದನ್ನು ದಾಖಲಿಸಿದ್ದು ಹವಾಮಾನ ನೋಡುವವರು ಇಟ್ಟಿದ್ದ ಬ್ಯಾರೋಮೀಟರುಗಳು. 2022ರ ಜನವರಿ 15ರಂದು ಟೋಂಗಾದ ಜ್ವಾಲಾಮುಖಿ ಸಿಡಿದಾಗಲೂ ಪ್ರಪಂಚದ ಎಲ್ಲ ಕಡೆಯ ಬ್ಯಾರೋಮೀಟರುಗಳು ಒಂದು ಚೂರು ಜಿಗಿದವು.

ಆನೆಗಳೂ ಇಂಥ ಸದ್ದಿನಲ್ಲಿ ಮಾತಾಡುತ್ತವೆ. 1984ರಲ್ಲಿ ಕೇಟಿ ಪೇನ್ ಅನ್ನುವ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ನಮ್ಮ ಏಷ್ಯಾದ ಆನೆಗಳ ಹತ್ತಿರ ಕೂತಿದ್ದಾಗ ಸದ್ದಿಲ್ಲದಿದ್ದರೂ ಗಾಳಿ ಅದುರಿದ ಹಾಗೆ ಅನ್ನಿಸಿತಂತೆ. ಟೇಪ್ ಮಾಡಿಕೊಂಡು ಹೋಗಿ ವೇಗವಾಗಿ ಓಡಿಸಿದಾಗ ಆನೆಗಳ ಗುರುಗುರು ಕೇಳಿಸಿತು. ಈ ಉಪಾಯ ನಿನಗೂ ಆಗುತ್ತದೆ. 10 ಹರ್ಟ್ಸ್‌ನ ರೆಕಾರ್ಡಿಂಗನ್ನು ಹತ್ತು ಪಟ್ಟು ವೇಗದಲ್ಲಿ ಓಡಿಸಿದರೆ 100 ಹರ್ಟ್ಸ್ ಆಗಿ ಕೇಳಿಸುತ್ತದೆ. ಆಡಾಸಿಟಿಯಲ್ಲಿ ವೇಗ ಬದಲಿಸುವ ಆಯ್ಕೆ ಇದೆ.

ನಿನಗೆ ದೊಡ್ಡ ಅಡ್ಡಿ ಗಾಳಿ. ಗಾಳಿಯ ಸುಳಿಗಳು ಮೈಕಿಗೆ ಬಡಿದಾಗ ಹುಟ್ಟುವುದೂ ಇದೇ ತಗ್ಗಿನ ಸದ್ದು. ಪ್ರಪಂಚದಲ್ಲಿ ಎಲ್ಲೇ ಅಣುಬಾಂಬ್ ಪರೀಕ್ಷೆ ನಡೆದರೂ ಪತ್ತೆ ಮಾಡಲು ಇಂಥ ತಗ್ಗು ಸದ್ದನ್ನು ಆಲಿಸುವ 60 ಕೇಂದ್ರಗಳ ಒಂದು ಅಂತರರಾಷ್ಟ್ರೀಯ ಜಾಲ ಯೋಜಿಸಿದ್ದಾರೆ. ಅಲ್ಲೂ ಗಾಳಿಯದೇ ತಲೆನೋವು. ಅವರು ಹತ್ತಾರು ಬಾಯಿಗಳಿರುವ ಪೈಪುಗಳನ್ನು ನೆಲದ ಮೇಲೆ ಹರಡಿ ಒಂದೇ ಸೆನ್ಸರಿಗೆ ಸೇರಿಸುತ್ತಾರೆ. ಗಾಳಿಯ ಸುಳಿ ಒಂದೊಂದು ಬಾಯಲ್ಲಿ ಒಂದೊಂದು ಥರ ಇರುವುದರಿಂದ ಒಂದನ್ನೊಂದು ಹೊಡೆದುಹಾಕುತ್ತದೆ, ದೂರದಿಂದ ಬಂದ ಉದ್ದನೆಯ ಅಲೆ ಎಲ್ಲ ಬಾಯಲ್ಲೂ ಒಂದೇ ಸಮನೆ ಬಂದು ಕೂಡಿಕೊಳ್ಳುತ್ತದೆ.

ನೀನು ಹೊರಗೆ ಹೋಗಬೇಡ, ಮನೆಯೊಳಗೇ ಶುರು ಮಾಡು. ಹಲವು ಫೋನುಗಳಲ್ಲಿ ಬ್ಯಾರೋಮೀಟರ್ ಸೆನ್ಸರ್ ಇರುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ‘ಫೈಫಾಕ್ಸ್’ ಅನ್ನುವ ಆಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಒತ್ತಡದ ಗ್ರಾಫ್ ನೋಡಬಹುದು. ನಿನ್ನ ಫೋನಿನಲ್ಲಿ ಸೆನ್ಸರ್ ಇಲ್ಲದಿದ್ದರೆ ಆಪೇ ಹೇಳುತ್ತದೆ, ಆಗ ಲ್ಯಾಬಿನ ಮೇಡಂ ಫೋನ್ ಕೇಳು. ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನ್ ಆರಿಸಿ, ಫೋನನ್ನು ಮೇಜಿನ ಮೇಲಿಟ್ಟು ಬಾಗಿಲನ್ನು ಎರಡು ಸೆಕೆಂಡಿಗೊಮ್ಮೆ ತೆಗೆದು ಹಾಕಲು ತಮ್ಮನಿಗೆ ಹೇಳು. ಗೆರೆ ಅದೇ ಲಯದಲ್ಲಿ ಏರಿಳಿಯುತ್ತದೆ. ಅದು ಅರ್ಧ ಹರ್ಟ್ಸ್‌ನ ಅಲೆ, ನಿನ್ನ ಮೊದಲ ರೆಕಾರ್ಡಿಂಗ್. ಸೆನ್ಸರ್ ಸೆಕೆಂಡಿಗೆ ಎಷ್ಟು ಸಲ ಓದುತ್ತದೆ ಅಂತ ಬರೆದುಕೋ, ಅದರ ಅರ್ಧಕ್ಕಿಂತ ಮೇಲಿನ ಹರ್ಟ್ಸ್ ನಂಬುವ ಹಾಗಿಲ್ಲ. ಬಾಗಿಲು ಸರಿಯಾಗಿ ಬಂದ ಮೇಲೆ ಗಿರಣಿ, ಬಸ್ ಸ್ಟ್ಯಾಂಡು ಅಂತ ಮುಂದೆ ಹೋಗಬಹುದು. ಗ್ರಾಫ್ ಜೊತೆಗೆ ಫೋನಿನ ಮಾದರಿ, ರೂಮಿನ ಅಳತೆ, ಕಿಟಕಿ ಎಷ್ಟು ಅನ್ನುವುದನ್ನೂ ಬರೆದು ಕಳಿಸು, ಈ ಅಂಕಣದಲ್ಲೇ ಹಾಕುತ್ತೇನೆ.